ಭನ್ಸಾರ್ ಕಟ್ಟುವುದು ಕಾರಿಗೆ, ಕಾರಿನೊಳಗಿನ ಸಾಮಾನಿಗಲ್ಲ

ಪ್ರಶ್ನೆ: ನಮ್ಮದು ತುಮಕೂರು. ಅಕ್ಟೋಬರ್ ಕೊನೆಯಲ್ಲಿ ಉತ್ತರಪ್ರದೇಶದ ಗಡಿ ಊರಾದ ಸೊನೌಲಿ ಮೇಲೆ ನೇಪಾಳಕ್ಕೆ ಗಾಡಿಯಲ್ಲೇ ಹೋಗಿ ಪಶುಪತಿನಾಥ, ಪೋಖರಾ, ಸಾಧ್ಯವಾದರೆ ಮುಕ್ತಿನಾಥವನ್ನೂ ನೋಡಿಕೊಂಡು ಬರುವ ಆಸೆ. ಒಟ್ಟು ಏಳು ಜನ: ನಾನು, ನಮ್ಮ ಯಜಮಾನರು, ಮಾವ (70), ಅತ್ತೆ (63), ಮೈದುನ, ಮಗಳು (16), ಮಗ (11). ಇನ್ನೋವಾ ನಮ್ಮ ಭಾವನ ಹೆಸರಲ್ಲಿದೆ, ಸಾಲ ಇನ್ನೂ ತೀರಿಲ್ಲ. ಅವರು ಬರುತ್ತಿಲ್ಲ, ಓಡಿಸುವುದು ಮೈದುನ. ಅಡುಗೆ ನಾವೇ ಮಾಡಿಕೊಳ್ಳಬೇಕೆಂದು 25 ಕೆ.ಜಿ. ಅಕ್ಕಿ, ರಾಗಿಹಿಟ್ಟು, ಸಣ್ಣ ಸಿಲಿಂಡರ್, ಒಲೆ ಒಯ್ಯುತ್ತಿದ್ದೇವೆ. ಮಾವನವರ ಹರಕೆಯಂತೆ ಪಶುಪತಿನಾಥದಲ್ಲಿ ಹಂಚಲು 40 ಹೊಸ ಕಂಬಳಿ, ಕಠ್ಮಂಡುವಿನಲ್ಲಿರುವ ಸ್ನೇಹಿತರಿಗೆ ಒಂದು ಹೊಸ ಲ್ಯಾಪ್‌ಟಾಪ್, ಒಂದು ಮಿಕ್ಸಿ. ಮಗ ಡ್ರೋನ್ ಬೇಕೆನ್ನುತ್ತಾನೆ. ‘ಭನ್ಸಾರ್ ಕಟ್ಟಿದರೆ ಮುಗಿಯಿತು, ಏನು ಬೇಕಾದರೂ ಒಯ್ಯಬಹುದು’ ಎಂದು ಒಬ್ಬರು, ‘ಎಲ್ಲ ಇಳಿಸಿಕೊಳ್ಳುತ್ತಾರೆ’ ಎಂದು ಇನ್ನೊಬ್ಬರು. ಎಲ್ಲರಿಗೂ ಆಧಾರ್ ಸಾಕೆ? ಮೇಲೆ ಕ್ಯಾರಿಯರ್ ಹಾಕಿಸಬೇಕೆ?

ಉತ್ತರ: ಪ್ರಶ್ನೆ ಹಲವಿದ್ದರೂ ನಿಮ್ಮ ಆತಂಕ ಒಂದೇ ಎಂದು ಕಾಣುತ್ತದೆ. ಎರಡು ಸಾವಿರ ಕಿಲೋಮೀಟರ್ ದಾಟಿ ಹೋಗಿ, ಹಿರಿಯರನ್ನು ಗಾಡಿಯಲ್ಲಿ ಕೂರಿಸಿಕೊಂಡು, ಗಡಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಳ್ಳಬಾರದು. ಅದನ್ನು ತಪ್ಪಿಸಬಹುದು. ಈಗಿರುವ ಪಟ್ಟಿಯನ್ನೇ ಹಿಡಿದು ಹೊರಟರೆ ಮಾತ್ರ ಸಿಕ್ಕಿಹಾಕಿಕೊಳ್ಳುವುದು ಹೆಚ್ಚುಕಡಿಮೆ ಖಚಿತ.

ಮೊದಲು ‘ಭನ್ಸಾರ್’ ಪದದ ಗೊಂದಲ. ನೇಪಾಳಿಯಲ್ಲಿ ಭನ್ಸಾರ್ ಎಂದರೆ ಸುಂಕ, ಕಸ್ಟಮ್ಸ್, ಅಷ್ಟೆ. ನಮ್ಮ ಪ್ರವಾಸಿಗರು ‘ಭನ್ಸಾರ್ ಕಟ್ಟಿದೆವು’ ಎನ್ನುವಾಗ ಹೇಳುತ್ತಿರುವುದು ಹೊರದೇಶದ ವಾಹನವನ್ನು ಕೆಲವು ದಿನಗಳ ಮಟ್ಟಿಗೆ ಒಳಗೆ ಬಿಡುವ ಪರವಾನಗಿಯ ಬಗ್ಗೆ. ಆ ಚೀಟಿ ಕಾರಿಗೆ ಸಂಬಂಧಪಟ್ಟದ್ದು. ಕಾರಿನೊಳಗಿನ ಕಂಬಳಿಗೂ ಲ್ಯಾಪ್‌ಟಾಪಿಗೂ ಅದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಗಡಿಯಲ್ಲಿ ಜನರದು ಒಂದು ಲೆಕ್ಕ, ವಾಹನದ್ದು ಒಂದು ಲೆಕ್ಕ, ಸಾಮಾನಿನದು ಮೂರನೆಯದು. ಒಂದು ಸರಿಯಿದ್ದರೆ ಇನ್ನೊಂದು ತಾನಾಗಿ ಸರಿಹೋಗುವುದಿಲ್ಲ.

ಇಷ್ಟು ಬಿಗಿ ಏಕೆ ಎಂಬುದಕ್ಕೂ ಕಾರಣವಿದೆ. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ಎರಡೂ ದೇಶದ ಜನ ವೀಸಾ ಇಲ್ಲದೆ ಓಡಾಡುತ್ತಾರೆ. ಆದರೆ ಗಡಿ ತೆರೆದಿರುವುದು ಜನರಿಗೆ, ಸರಕಿಗಲ್ಲ. ನೇಪಾಳದ ಬೊಕ್ಕಸಕ್ಕೆ ಆಮದು ಸುಂಕ ದೊಡ್ಡ ಆದಾಯ; ಬಟ್ಟೆ, ಸಕ್ಕರೆ, ದಿನಸಿ, ಎಲೆಕ್ಟ್ರಾನಿಕ್ಸ್ ಎಲ್ಲವೂ ಭಾರತದ ಕಡೆ ಅಗ್ಗವಾದ್ದರಿಂದ ಕೈಚೀಲದಲ್ಲಿ, ಸೈಕಲ್ಲಿನಲ್ಲಿ, ಕಾರಿನ ಡಿಕ್ಕಿಯಲ್ಲಿ ದಾಟುವ ಸರಕಿಗೆ ಕೊನೆಯಿಲ್ಲ. ಅದಕ್ಕೇ ನೂರು ನೇಪಾಳಿ ರೂಪಾಯಿಗಿಂತ ಹೆಚ್ಚು ಬೆಲೆಯ ಸರಕಿಗೆ ಸುಂಕ ಎಂಬ ನಿಯಮವನ್ನು 2023ರಲ್ಲಿ ಬಿಗಿಯಾಗಿ ಜಾರಿಗೆ ತಂದಾಗ ಗಡಿ ಊರುಗಳಲ್ಲಿ ಗದ್ದಲವೇ ಆಯಿತು. ನೂರು ನೇಪಾಳಿ ಎಂದರೆ ನಮ್ಮ 62 ರೂಪಾಯಿ 50 ಪೈಸೆ. ನಮ್ಮ ನೂರಕ್ಕೆ ಅವರ 160 ಎಂಬ ದರ 1993ರಿಂದ ಬದಲಾಗಿಲ್ಲ. ಈ ಬಿಗಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ‘ಹೋದ ವರ್ಷ ನಮ್ಮನ್ನು ಯಾರೂ ಕೇಳಲಿಲ್ಲ’ ಎಂಬ ಮಾತು ಸುಳ್ಳಲ್ಲ, ಆದರೆ ಈ ವರ್ಷಕ್ಕೆ ಅದು ಆಧಾರವೂ ಅಲ್ಲ. ಅಕ್ಟೋಬರ್–ನವೆಂಬರ್ ಎಂದರೆ ದಶೈಂ, ತಿಹಾರ್ ಹಬ್ಬಗಳ ಕಾಲ. ಭಾರತದಲ್ಲಿ ದುಡಿಯುವ ನೇಪಾಳಿಗರು ಉಡುಗೊರೆ ಹೊತ್ತು ಊರಿಗೆ ಮರಳುವ ಹೊತ್ತದು. ತಪಾಸಣೆ ಹೆಚ್ಚೇ ಇರುತ್ತದೆ.

ಸುಂಕದ ಅಧಿಕಾರಿ ನಿಮ್ಮ ಗಂಟುಮೂಟೆ ನೋಡುವಾಗ ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಇದು ನಿಮ್ಮ ಜೊತೆ ವಾಪಸು ಹೋಗುತ್ತದೆಯೋ, ಇಲ್ಲೇ ಉಳಿಯುತ್ತದೆಯೋ? ನೀವೂ ಇದೇ ಪ್ರಶ್ನೆ ಹಾಕಿಕೊಂಡು ಪಟ್ಟಿಯನ್ನು ಎರಡಾಗಿ ಒಡೆಯಿರಿ. ಉಟ್ಟ ಬಟ್ಟೆ, ಬಳಸಿದ ಪಾತ್ರೆ, ಒಂದು ಕ್ಯಾಮೆರಾ, ನಿಮ್ಮದೇ ಹಳೆಯ ಲ್ಯಾಪ್‌ಟಾಪ್, ಮಾವನವರ ಬಿಪಿ ಉಪಕರಣ: ಇವೆಲ್ಲ ಮರಳಿ ಬರುವಂಥವು, ಇವುಗಳಿಗೆ ಸಾಮಾನ್ಯವಾಗಿ ತಕರಾರಿಲ್ಲ. ಹೊಸ ಕಂಬಳಿ, ಡಬ್ಬಿ ಒಡೆಯದ ಮಿಕ್ಸಿ, ಸ್ನೇಹಿತರ ಲ್ಯಾಪ್‌ಟಾಪ್ ಅಲ್ಲೇ ಉಳಿಯುವಂಥವು. ಕಾನೂನಿನ ಕಣ್ಣಿಗೆ ಅದು ಆಮದು. ನಿಮ್ಮ ಉದ್ದೇಶ ದಾನವೋ ಸ್ನೇಹವೋ ವ್ಯಾಪಾರವೋ ಎಂಬುದರಿಂದ ಅದು ಬದಲಾಗುವುದಿಲ್ಲ.

ಕಂಬಳಿಯ ವಿಷಯ ನಿಮಗೆ ಮನಸ್ಸಿಗೆ ಹತ್ತಿರದ್ದು, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ಒಂದೇ ಬಗೆಯ 40 ಹೊಸ ಕಂಬಳಿ ಕಂಡರೆ ಯಾವ ಸುಂಕದ ಕಟ್ಟೆಯಲ್ಲೂ ಅದು ವ್ಯಾಪಾರದ ಸರಕೇ. ದಾನದ ಸಾಮಗ್ರಿಗೆ ಸುಂಕದ ವಿನಾಯಿತಿ ಬೇಕೆಂದರೆ ನೇಪಾಳದಲ್ಲಿ ಅದನ್ನು ಪಡೆಯುವ ಸಂಸ್ಥೆ ಮುಂಚೆಯೇ ಅಲ್ಲಿನ ಸರ್ಕಾರದ ಒಪ್ಪಿಗೆ ತಂದಿರಬೇಕು. ಪ್ರವಾಸಿ ಕಾರಿನ ಕಿಟಕಿಯಲ್ಲಿ ನಿಂತು ‘ಹರಕೆ ಸ್ವಾಮಿ’ ಎಂದರೆ ಅಧಿಕಾರಿ ಕೈಮುಗಿದಾರು, ವಿನಾಯಿತಿ ಕೊಡುವ ಅಧಿಕಾರ ಅವರಿಗಿರುವುದಿಲ್ಲ. ಬಿಲ್ ತೋರಿಸಿ ಸುಂಕ ಕಟ್ಟಿ ಒಯ್ಯಬಹುದು, ಆದರೆ ಅದಕ್ಕೆ ಸರಕಿನ ಕೌಂಟರಿಗೆ ಹೋಗಬೇಕು, ಅರ್ಧ ದಿನ ಹೋದೀತು. ಬಟ್ಟೆಗಳ ನಡುವೆ ಅಡಗಿಸಿ ಒಯ್ದು ಸಿಕ್ಕಿಬಿದ್ದರೆ ಕಂಬಳಿಯ ಜೊತೆಗೆ ಕಾರನ್ನೂ ತಡೆಹಿಡಿಯುವ ಅಧಿಕಾರ ಅವರಿಗಿದೆ. ಕಾರು ನಿಮ್ಮ ಭಾವನದು ಎಂಬುದು ನೆನಪಿರಲಿ. ನನ್ನ ಸಲಹೆ, ಆ ದುಡ್ಡಿನಲ್ಲಿ ಕಠ್ಮಂಡುವಿನಲ್ಲೇ ಕಂಬಳಿ ಕೊಳ್ಳಿ. ಅಸನ್ ಪೇಟೆಯಲ್ಲಿ ಸಗಟಾಗಿ ಸಿಗುತ್ತವೆ, ಅಲ್ಲಿನ ಚಳಿಗೆ ಎಷ್ಟು ದಪ್ಪದ್ದು ಬೇಕೆಂದು ಅಂಗಡಿಯವರಿಗೂ ಗೊತ್ತು. ದೇವಸ್ಥಾನದ ಬಾಗಿಲಲ್ಲಿ ಹಂಚಲು ನಿಂತರೆ ನೂಕುನುಗ್ಗಲಾಗುತ್ತದೆ. ಪಶುಪತಿ ಆವರಣದ ಪಂಚದೇವಲದಲ್ಲಿ ಸರ್ಕಾರಿ ವೃದ್ಧಾಶ್ರಮವಿದೆ. ಮೊದಲೇ ವಿಚಾರಿಸಿ ಅಲ್ಲಿ ಕೊಟ್ಟರೆ ಹರಕೆಯೂ ಸಲ್ಲುತ್ತದೆ, ಕಂಬಳಿ ಬೇಕಾದವರಿಗೂ ಸೇರುತ್ತದೆ. ಪಶುಪತಿನಾಥದ ಗರ್ಭಗುಡಿಯ ಪೂಜೆ ತಲೆಮಾರುಗಳಿಂದ ಕರ್ನಾಟಕದಿಂದ ಹೋದ ಭಟ್ಟರ ಕೈಯಲ್ಲಿದೆ. ಕನ್ನಡದಲ್ಲೇ ಮಾತಾಡಿ ನೋಡಿ, ಮಾವನವರಿಗೆ ಅದೇ ಒಂದು ಪ್ರಸಾದವಾದೀತು.

ಸ್ನೇಹಿತರ ಲ್ಯಾಪ್‌ಟಾಪಿಗೆ ಎರಡೇ ದಾರಿ: ಬಿಲ್ ಸಮೇತ ಘೋಷಿಸಿ ತೆರಿಗೆ ಕಟ್ಟಿ ರಸೀದಿ ಪಡೆಯುವುದು, ಇಲ್ಲವೇ ಅವರೇ ಅಲ್ಲಿ ಕೊಳ್ಳುವುದು. ‘ಡಬ್ಬಿ ಬಿಸಾಡಿ, ನಮ್ಮದೇ ಅನ್ನಿ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸುಳ್ಳು ಹೇಳಿಕೆ ಎಂದಾದರೆ ತೆರಿಗೆಯ ಮೇಲೆ ದಂಡವೂ ಬೀಳುತ್ತದೆ. ಮಿಕ್ಸಿ ಅಷ್ಟು ದೊಡ್ಡ ವಿಷಯವಲ್ಲ, ಆದರೂ ಇದೇ ಮಾತು ಅದಕ್ಕೂ ಅನ್ವಯ. ಡ್ರೋನ್ ಮನೆಯಲ್ಲಿರಲಿ. ನೇಪಾಳದಲ್ಲಿ ಡ್ರೋನ್ ಹಾರಿಸಲು ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರದಿಂದ ಹಿಡಿದು ಹಲವು ಅನುಮತಿ ಬೇಕು, ಒಂದು ವಾರದ ಪ್ರವಾಸಕ್ಕೆ ಅದು ಆಗುಹೋಗುವ ಕೆಲಸವಲ್ಲ.

ಅಡುಗೆ ಸಾಮಾನಿಗೆ ಬರೋಣ. ಏಳು ಜನಕ್ಕೆ 25 ಕೆ.ಜಿ. ಅಕ್ಕಿ ಹೆಚ್ಚು. ದಿನಕ್ಕೆ ಒಂದು ಹೊತ್ತು ಅಡುಗೆ ಮಾಡಿಕೊಂಡರೆ ಎಂಟು ದಿನಕ್ಕೆ ಆರೇಳು ಕೆ.ಜಿ. ಸಾಕು, ಮುಗಿದರೆ ಗಡಿ ದಾಟಿದೊಡನೆ ಬರುವ ಭೈರಹವಾದಲ್ಲೇ ಸಿಗುತ್ತದೆ. ಅನ್ನ ಅವರದೂ ಊಟವೇ. ಇಲ್ಲಿಂದ ಒಯ್ಯಬೇಕಾದದ್ದು ನಿಮ್ಮ ರುಚಿಗೆ ಹೊಂದುವಂಥದ್ದು: ರಾಗಿಹಿಟ್ಟು, ಸಾರಿನಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ, ಅವಲಕ್ಕಿ. ಎಲ್ಲವೂ ತೆರೆದ ಡಬ್ಬದಲ್ಲಿ, ಅರ್ಧ ಬಳಸಿದಂತೆ ಇರಲಿ. ಒಂದೇ ಬ್ರ್ಯಾಂಡಿನ ಹತ್ತು ಪ್ಯಾಕೆಟ್ ಸಾಲಾಗಿಟ್ಟರೆ ಅಂಗಡಿ ಸರಕಿನಂತೆ ಕಾಣುತ್ತದೆ. ಹಸಿ ತರಕಾರಿ, ಹಣ್ಣು, ಬಿತ್ತನೆ ಬೀಜ, ಗಿಡ ಬೇಡ. ಸಸ್ಯ ಕ್ವಾರಂಟೀನ್ ನಿಯಮಕ್ಕೆ ಅವು ಒಳಪಡುತ್ತವೆ.

ಸಿಲಿಂಡರ್ ಮಾತ್ರ ಖಂಡಿತ ಬೇಡ. ಗಡಿಯಲ್ಲಿ ಏನಾದೀತು ಎಂಬುದಕ್ಕಿಂತ ಮೊದಲು, ಏಳು ಜನ ಕೂತ ಮುಚ್ಚಿದ ಗಾಡಿಯಲ್ಲಿ ನಾಲ್ಕು ದಿನ ಗ್ಯಾಸ್ ಇಟ್ಟುಕೊಳ್ಳುವುದೇ ಅಪಾಯ. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಿನ ಕಾವು ಹೊರಗಿನದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ಗುಂಡಿಬಿದ್ದ ರಸ್ತೆಯಲ್ಲಿ ವಾಲ್ವ್ ಸಡಿಲವಾಗಿ ಸೋರಿದರೆ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಕಾಲಬುಡದಲ್ಲೇ ತುಂಬಿಕೊಳ್ಳುತ್ತದೆ. ಬದಲಿಗೆ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಒಯ್ಯಿರಿ. ನೇಪಾಳದಲ್ಲೂ 230 ವೋಲ್ಟ್, 50 ಹರ್ಟ್ಸ್. ನಮ್ಮ ಪ್ಲಗ್ ಬಹುತೇಕ ಕಡೆ ಕೂರುತ್ತದೆ. 700 ವ್ಯಾಟ್‌ನ ಕುಕ್ಕರ್ ಲಾಡ್ಜಿನ ವೈರಿಂಗ್ ತಡೆಯುತ್ತದೆ, 2,000 ವ್ಯಾಟ್‌ನ ಇಂಡಕ್ಷನ್ ಒಲೆ ಫ್ಯೂಸ್ ಹಾರಿಸುವ ಸಂಭವ ಹೆಚ್ಚು. ಕೋಣೆ ಹಿಡಿಯುವಾಗಲೇ ಅಡುಗೆಗೆ ಒಪ್ಪಿಗೆ ಕೇಳಿ. ಕ್ಯಾನಿನಲ್ಲಿ ಡೀಸೆಲ್ ಒಯ್ಯುವುದೂ ಬೇಡ. ಕ್ಯಾನ್ ಕಂಡರೆ ತಡೆಯುತ್ತಾರೆ. ಗೋರಖಪುರ ದಾಟಿದ ಮೇಲೆ ನೌತನ್ವಾದ ಆಸುಪಾಸಿನಲ್ಲಿ ಟ್ಯಾಂಕ್ ತುಂಬಿಸಿಕೊಂಡರೆ ಸಾಕು.

ಕ್ಯಾರಿಯರ್ ಬೇಕೋ ಬೇಡವೋ ಎಂಬುದನ್ನು ತೂಕವೇ ಹೇಳಲಿ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕವಿದೆ. ಗಾಡಿಯ ಕೈಪಿಡಿಯಲ್ಲಿ ಗರಿಷ್ಠ ಒಟ್ಟು ತೂಕವಿರುತ್ತದೆ. ಎರಡರ ವ್ಯತ್ಯಾಸವೇ ನೀವು ಹೇರಬಹುದಾದ ಭಾರ. ಏಳು ಸೀಟಿನ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 500–600 ಕೆ.ಜಿ. ಆಸುಪಾಸು. ನಿಮ್ಮ ಐವರು ದೊಡ್ಡವರು ತಲಾ 65 ಎಂದರೆ 325, ಮಕ್ಕಳಿಬ್ಬರು 85, ಅಲ್ಲಿಗೆ 410. ತಲೆಗೊಂದು 10 ಕೆ.ಜಿ. ಬ್ಯಾಗ್ ಎಂದರೆ 480. ದಿನಸಿ, ಒಲೆ, ಸಿಲಿಂಡರ್ ಸೇರಿ ಇನ್ನು 50, ಕಂಬಳಿ ಕಡಿಮೆಯೆಂದರೂ 50. ಮಿತಿಯ ಅಂಚಿಗೆ ಬಂದಿರಿ. ಜೊತೆಗೆ ಮೂರನೇ ಸಾಲಿನಲ್ಲಿ ಜನ ಕೂತರೆ ಡಿಕ್ಕಿಯಲ್ಲಿ ಜಾಗ ಉಳಿಯುವುದಿಲ್ಲ, ಭಾರವೆಲ್ಲ ಛಾವಣಿಗೇ ಏರುತ್ತದೆ. ಛಾವಣಿಯ ಮಿತಿ ಬೇರೆಯೇ ಇದೆ, ಅದು ತೀರ ಕಡಿಮೆ. ಮೇಲ್ಭಾರ ಹೆಚ್ಚಿದ ಗಾಡಿ ಕಠ್ಮಂಡು ದಾರಿಯ ಮುಗ್ಲಿಂಗ್ ಕಡೆಯ ತಿರುವುಗಳಲ್ಲಿ ವಾಲುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಕಂಬಳಿ, ಸಿಲಿಂಡರ್, ಅಕ್ಕಿಮೂಟೆ ಬಿಟ್ಟರೆ ಕ್ಯಾರಿಯರ್ ಬೇಕಾಗುವುದು ಹಗುರ ಬ್ಯಾಗುಗಳಿಗಷ್ಟೇ. ಹೊರಡುವ ಹಿಂದಿನ ದಿನ ಎಲ್ಲರೂ ಕೂತು, ಸಾಮಾನು ತುಂಬಿ, ಒಂದು ವೇಬ್ರಿಜ್ ಮೇಲೆ ಗಾಡಿ ನಿಲ್ಲಿಸಿ ನೋಡಿ. ಟಯರ್ ಗಾಳಿಯನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಪೂರ್ಣ ಭಾರದ ಅಂಕಿಗೆ ಹಾಕಿಸಿ. ಮೇಲೆ ಕಟ್ಟಿದ್ದೆಲ್ಲ ಗಡಿಯಲ್ಲಿ ಇಳಿಸಿ ತೋರಿಸಬೇಕಾದೀತು, ಹಾಗಾಗಿ ಕಟ್ಟಿ ಬಿಚ್ಚಲು ಸುಲಭವಾಗಿರಲಿ.

ಜನರ ಕಾಗದದಲ್ಲಿ ‘ಆಧಾರ್ ಸಾಕು’ ಎಂಬುದು ಅರ್ಧ ಸತ್ಯ. ಭಾರತೀಯರಿಗೆ ನೇಪಾಳ ಪ್ರಯಾಣಕ್ಕೆ ಒಪ್ಪಿತ ದಾಖಲೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ. ಆಧಾರ್‌ನಂಥ ಫೋಟೊ ಇರುವ ಗುರುತುಪತ್ರ ನಡೆಯುವುದು 15 ವರ್ಷದ ಒಳಗಿನವರಿಗೆ, 65 ದಾಟಿದವರಿಗೆ. ಅಂದರೆ ಮಾವನವರಿಗೂ ಮಗನಿಗೂ ಆಧಾರ್ ಸಾಕು. ಅತ್ತೆಯವರಿಗೆ ಇನ್ನೂ 63, ಅವರಿಗೆ ವೋಟರ್ ಐಡಿ ಬೇಕು. ಮಗಳು ನಡುವೆ ಸಿಕ್ಕಿಕೊಳ್ಳುತ್ತಾಳೆ: 15ರಿಂದ 18ರವರಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆ ಅಥವಾ ಕಾಲೇಜಿನ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪ್ರಮಾಣಪತ್ರ ಬೇಕು. ಸೆಪ್ಟೆಂಬರ್‌ನಲ್ಲೇ ಕೇಳಿ, ದಸರಾ ರಜೆ ಶುರುವಾದ ಮೇಲೆ ಸಹಿಗೆ ಅಲೆಯಬೇಕಾಗುತ್ತದೆ. ಒಟ್ಟಿಗೆ ಹೋಗುವ ಕುಟುಂಬದಲ್ಲಿ ಹಿರಿಯರೊಬ್ಬರ ಬಳಿ ಸರಿಯಾದ ದಾಖಲೆಯಿದ್ದು, ಉಳಿದವರ ಬಳಿ ಫೋಟೊ ಗುರುತು ಮತ್ತು ಸಂಬಂಧದ ಪುರಾವೆ ಇದ್ದರೆ ಸಾಕೆಂಬ ರಿಯಾಯಿತಿಯೂ ಉಂಟು. ಅದನ್ನು ಆಪತ್ತಿಗೆ ಇಟ್ಟುಕೊಳ್ಳಿ, ಅದನ್ನೇ ನಂಬಿ ಹೊರಡಬೇಡಿ.

ನಿಮ್ಮ ಪ್ರಯಾಣದ ಅತಿ ಸೂಕ್ಷ್ಮ ಭಾಗ ಕಾರಿನ ಮಾಲೀಕತ್ವ. ಮೂಲ ಆರ್‌ಸಿ ಕಾರ್ಡ್ ಕೈಯಲ್ಲಿರಲೇಬೇಕು. ಮೊಬೈಲಿನ ಡಿಜಿಲಾಕರ್ ಪ್ರತಿ ಭಾರತದ ಪೊಲೀಸರಿಗೆ ನಡೆಯುತ್ತದೆ, ಗಡಿಯಾಚೆ ಅದನ್ನು ಒಪ್ಪಬೇಕೆಂಬ ಕಟ್ಟುಪಾಡಿಲ್ಲ. ಭಾವನವರು ಛಾಪಾಕಾಗದದ ಮೇಲೆ, ಇಂಗ್ಲಿಷಿನಲ್ಲಿ, ಮೈದುನನ ಹೆಸರು, ಲೈಸೆನ್ಸ್ ಸಂಖ್ಯೆ, ಗಾಡಿ ಸಂಖ್ಯೆ, ಚಾಸಿ ಸಂಖ್ಯೆ, ಹೋಗಿಬರುವ ದಿನಾಂಕ ಬರೆದು ಅಧಿಕಾರಪತ್ರ ಕೊಟ್ಟು ನೋಟರಿ ಮಾಡಿಸಲಿ. ಜೊತೆಗೆ ಅವರ ಗುರುತುಪತ್ರದ ನಕಲು. ಸಾಲ ಕೊಟ್ಟ ಬ್ಯಾಂಕಿನಿಂದ ಗಾಡಿ ಹೊರದೇಶಕ್ಕೆ ಒಯ್ಯಲು ಆಕ್ಷೇಪವಿಲ್ಲವೆಂಬ ಪತ್ರ ತರಿಸಿ. ಗಡಿಯಲ್ಲಿ ಅದನ್ನು ಕೇಳದೆಯೂ ಬಿಟ್ಟಾರು, ಆದರೆ ಅಪಘಾತವಾಗಿ ವಿಮೆ ಕ್ಲೇಮ್ ಆಗುವಾಗ ಅದರ ಬೆಲೆ ತಿಳಿಯುತ್ತದೆ.

ವಿಮೆಯಲ್ಲೇ ಹೆಚ್ಚಿನವರು ಎಡವುವುದು. ನಮ್ಮ ಮೋಟಾರು ವಿಮೆ ಭಾರತದೊಳಗೆ ಮಾತ್ರ. ನೇಪಾಳಕ್ಕೆ ‘ಭೌಗೋಳಿಕ ವ್ಯಾಪ್ತಿ ವಿಸ್ತರಣೆ’ ಎಂಬ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರ್ಪಡೆ, ಹಾಕಿಸಬೇಕು. ಹಳೆಯ ಮೋಟಾರು ಟ್ಯಾರಿಫ್‌ನಲ್ಲಿ ಸಮಗ್ರ ಪಾಲಿಸಿಗೆ ಇದರ ದರ 500 ರೂಪಾಯಿ, ಈಗಲೂ ದೊಡ್ಡ ಖರ್ಚಿನ ಬಾಬತ್ತಲ್ಲ. ಅರ್ಜಿಗೆ ಭಾವನವರ ಸಹಿ ಬೇಕು, ಹಾಗಾಗಿ ಮೂರು ವಾರ ಮೊದಲೇ ಶುರುಮಾಡಿ. ಇನ್ನೊಂದು ಸೂಕ್ಷ್ಮ: ಪಾಲಿಸಿಯಲ್ಲಿರುವ ಮಾಲೀಕ-ಚಾಲಕನ ಅಪಘಾತ ವಿಮೆ ಭಾವನಿಗೆ ಮಾತ್ರ ಸಲ್ಲುತ್ತದೆ, ಓಡಿಸುವ ಮೈದುನನಿಗಲ್ಲ. ಮಾಮೂಲಿ ಆರೋಗ್ಯ ವಿಮೆಯೂ ಬಹುತೇಕ ಗಡಿಯಾಚೆ ನಡೆಯುವುದಿಲ್ಲ. ಏಳೂ ಜನರಿಗೆ ನೇಪಾಳ ಸೇರಿದ ಪ್ರಯಾಣ ವಿಮೆ ಮಾಡಿಸಿದರೆ ಎರಡೂ ಕೊರತೆ ತುಂಬುತ್ತದೆ.

ಗಡಿಯ ದಿನ ಬೆಳಿಗ್ಗೆ ಒಂಬತ್ತರ ಒಳಗೆ ಸೊನೌಲಿಯಲ್ಲಿರಿ. ಸರಕು ಲಾರಿಗಳ ಸಾಲು ಕಂಡು ಹೆದರಬೇಡಿ, ಕಾರುಗಳು ಪಕ್ಕದಲ್ಲಿ ಮುಂದೆ ಹೋಗುತ್ತವೆ. ಭಾರತದ ಕಡೆ ತಪಾಸಣೆ ಮುಗಿಸಿ ಆಚೆ ಬೇಲಹಿಯಾದಲ್ಲಿ ಸುಂಕ ಕಚೇರಿಯ ಬಳಿ ಗಾಡಿ ನಿಲ್ಲಿಸಿ, ಚಾಲಕ ಮೂಲ ಆರ್‌ಸಿ, ಲೈಸೆನ್ಸ್, ಅಧಿಕಾರಪತ್ರ ಹಿಡಿದು ಕೌಂಟರಿಗೆ ಹೋಗಬೇಕು. ಪ್ರತಿಯೊಂದರ ನಾಲ್ಕು ನಕಲು ಮನೆಯಿಂದಲೇ ತನ್ನಿ. ಕಾರಿಗೆ ದಿನದ ಲೆಕ್ಕದಲ್ಲಿ ಕೆಲವು ನೂರು ನೇಪಾಳಿ ರೂಪಾಯಿ ಶುಲ್ಕ. ಅದಾದ ಮೇಲೆ ‘ಯಾತಾಯಾತ್’ ಎನ್ನುವ ರಸ್ತೆ ಪರವಾನಗಿ. ಏಜೆಂಟರು ಮುತ್ತಿಕೊಳ್ಳುತ್ತಾರೆ. ಅವರಿಲ್ಲದೆಯೂ ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಇಟ್ಟುಕೊಂಡರೂ ಮೂಲ ಕಾಗದ ಅವರ ಕೈಗೆ ಕೊಟ್ಟು ಕಳಿಸಬೇಡಿ. ದುಡ್ಡು ಕೊಡುವ ಮೊದಲು ‘ಐಸಿಯೋ ಎನ್‌ಸಿಯೋ’ ಎಂದು ಕೇಳಿ. ಐಸಿ ಎಂದರೆ ಭಾರತದ ರೂಪಾಯಿ, ಎನ್‌ಸಿ ನೇಪಾಳದ್ದು. ಕೇಳದಿದ್ದರೆ ಒಂದೂವರೆ ಪಟ್ಟಿಗೂ ಹೆಚ್ಚು ಕೊಟ್ಟುಬಿಡುತ್ತೀರಿ. ಭಾರತದ ನೋಟು ನೂರರವೇ ಇರಲಿ, ಅವುಗಳಿಗೆ ತಂಟೆಯಿಲ್ಲ. 2024ರಿಂದ ‘ಫೋನೆಪೇ’ (ನಮ್ಮ ಫೋನ್‌ಪೇ ಅಲ್ಲ) ಎಂಬ ನೇಪಾಳದ ಜಾಲದ ಕ್ಯೂಆರ್‌ಗೆ ನಮ್ಮ ಯುಪಿಐ ಅಂಗಡಿಗಳಲ್ಲಿ ನಡೆಯುತ್ತದೆ, ಆದರೆ ಸರ್ಕಾರಿ ಕೌಂಟರಿಗೆ ನಗದು ಇರಲಿ.

ಪರವಾನಗಿಗೆ ಎಷ್ಟು ದಿನ ಬರೆಸಬೇಕು? ನಿಮ್ಮ ಯೋಜನೆಗಿಂತ ಎರಡು ದಿನ ಹೆಚ್ಚು. ಒಳಗೆ ಹೋದ ದಿನವೂ ಲೆಕ್ಕಕ್ಕೆ ಸೇರುತ್ತದೆ, ಭೂಕುಸಿತದಿಂದ ದಾರಿ ಮುಚ್ಚುವುದು ಅಲ್ಲಿ ಅಪರೂಪವಲ್ಲ, ಅವಧಿ ಮೀರಿದರೆ ದಂಡ ದಿನದ ಶುಲ್ಕಕ್ಕಿಂತ ಎಷ್ಟೋ ಪಾಲು ದೊಡ್ಡದು. ಭಾರತದ ಗಾಡಿಗೆ ವರ್ಷಕ್ಕೆ ಒಟ್ಟು 30 ದಿನದ ಮಿತಿಯಿದೆ. ಚೀಟಿಯಲ್ಲಿ ದಿನಾಂಕ ನೇಪಾಳದ ಕ್ಯಾಲೆಂಡರ್ ಆದ ವಿಕ್ರಮ ಸಂವತ್ ಲೆಕ್ಕದಲ್ಲಿರುತ್ತದೆ, ವರ್ಷವೂ ತಿಂಗಳೂ ನಮ್ಮದಕ್ಕೆ ಹೊಂದುವುದಿಲ್ಲ. ಅಲ್ಲೇ ನಿಂತು, ಕೊನೆಯ ದಿನ ನಮ್ಮ ಕ್ಯಾಲೆಂಡರಿನಲ್ಲಿ ಯಾವುದೆಂದು ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ. ಎಷ್ಟೋ ಜನ ದಂಡ ಕಟ್ಟಿದ್ದು ಇದೊಂದನ್ನು ಓದಲಾಗದೆ.

ಅಂದು ಕಠ್ಮಂಡುವಿಗೆ ಓಡಬೇಡಿ. ಭೈರಹವಾದಿಂದ ಲುಂಬಿನಿ ಸುಮಾರು 25 ಕಿ.ಮೀ., ರಾತ್ರಿ ಅಲ್ಲೇ ತಂಗಿ. ಮರುದಿನ ನಸುಕಿಗೆ ಬುಟ್ವಲ್, ನಾರಾಯಣಘಾಟ್, ಮುಗ್ಲಿಂಗ್ ದಾರಿ ಹಿಡಿದರೆ ಬೆಳಕಿರುವಾಗಲೇ ತಲುಪುತ್ತೀರಿ. ಬುಟ್ವಲ್–ಪಾಲ್ಪಾ ಮೇಲೆ ಪೋಖರಾಕ್ಕೆ ಹೋಗುವ ದಾರಿಯಲ್ಲಿ ಸಿದ್ಧಬಾಬಾ ಎಂಬಲ್ಲಿ ಗುಡ್ಡದಿಂದ ಕಲ್ಲು ಬೀಳುತ್ತದೆ; ಬೆಳಿಗ್ಗೆ ಸಂಚಾರಿ ಪೊಲೀಸರ 103ಕ್ಕೆ ಕರೆಮಾಡಿ ದಾರಿ ತೆರೆದಿದೆಯೇ ಕೇಳಿಯೇ ಹೊರಡಿ. ಪ್ರವಾಸಿ ಪೊಲೀಸರ ಸಂಖ್ಯೆ 1144. ಮುಕ್ತಿನಾಥಕ್ಕೆ ನಿಮ್ಮ ಗಾಡಿ ಬೇಡವೇ ಬೇಡ. ದಾರಿಯಲ್ಲಿ ಸಿಗುವ ಬೇನಿ ಎಂಬ ಊರಿನ ಆಚೆಗಿನ ರಸ್ತೆ, ಜನ-ಸಾಮಾನು ತುಂಬಿದ ಇನ್ನೋವಾಕ್ಕೆ ಹೇಳಿದ್ದಲ್ಲ. ಪೋಖರಾದಲ್ಲಿ ಗಾಡಿ ಬಿಟ್ಟು ಸ್ಥಳೀಯ ಜೀಪಿನಲ್ಲೋ, ಮುಕ್ತಿನಾಥಕ್ಕೆ ಹತ್ತಿರದ ಜೋಮ್ಸೋಮ್‌ವರೆಗೆ ವಿಮಾನದಲ್ಲೋ ಹೋಗಿ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪ್ರವೇಶ ಪರವಾನಗಿಯನ್ನು ಪೋಖರಾದಲ್ಲೇ ಮಾಡಿಸಿ. ದೇವಸ್ಥಾನ 3,700 ಮೀಟರ್‌ಗೂ ಮೇಲಿದೆ. ಮಾವನವರ ಎದೆ, ಶ್ವಾಸಕೋಶವನ್ನು ಊರಲ್ಲೇ ವೈದ್ಯರಿಗೆ ತೋರಿಸಿ, ಅವರು ಬೇಡವೆಂದರೆ ಆ ಭಾಗವನ್ನು ಕೈಬಿಡಿ. ಮಾತ್ರೆಗಳು ಪ್ರಯಾಣದ ದಿನಕ್ಕಿಂತ ಒಂದು ವಾರ ಹೆಚ್ಚಿಗೆ, ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯೊಂದಿಗೆ ಇರಲಿ.

ಮರಳುವಾಗ ಭಾರತದ ಸುಂಕದವರದು ಸರದಿ. ಭೂಮಾರ್ಗದಲ್ಲಿ ಬರುವವರಿಗೆ ಬಳಸಿದ ಸ್ವಂತ ಸಾಮಾನಿಗಷ್ಟೇ ವಿನಾಯಿತಿ ಎಂದುಕೊಂಡೇ ಖರೀದಿ ಮಾಡಿ. ವಿದೇಶಿ ಎಲೆಕ್ಟ್ರಾನಿಕ್ಸ್, ಸಿಗರೇಟು ಬೇಡ. ರುದ್ರಾಕ್ಷಿ, ಶಾಲು, ಹಿತ್ತಾಳೆ ಮೂರ್ತಿಗೆ ಬಿಲ್ ಇಟ್ಟುಕೊಳ್ಳಿ. ಮೂರ್ತಿ ಹಳೆಯದೆಂದು ಕಂಡರೆ ನೇಪಾಳದ ಪುರಾತತ್ವ ಇಲಾಖೆಯ ಪ್ರಮಾಣಪತ್ರ ಕೇಳುತ್ತಾರೆ, ನೂರು ವರ್ಷ ದಾಟಿದ್ದನ್ನು ಹೊರಗೆ ತರುವುದೇ ನಿಷಿದ್ಧ. ಬೇಲಹಿಯಾ ಬಿಡುವ ಮುನ್ನ ಕಾರಿನ ಪರವಾನಗಿಯನ್ನು ಕೌಂಟರಿನಲ್ಲಿ ಒಪ್ಪಿಸಿ, ಗಾಡಿ ಹೊರಹೋಯಿತೆಂದು ದಾಖಲಿಸಿದ್ದಾರೆಯೇ ಖಾತ್ರಿ ಮಾಡಿಕೊಳ್ಳಿ. ಆ ಮುದ್ರೆಯ ಫೋಟೊ ತೆಗೆದು ಭಾವನವರಿಗೆ ಕಳಿಸಿಬಿಡಿ. ಗಾಡಿ ನೇಪಾಳದಲ್ಲೇ ಉಳಿದಿದೆ ಎಂದು ಲೆಕ್ಕದಲ್ಲಿ ಉಳಿದುಕೊಂಡರೆ ಮುಂದೆ ಉತ್ತರ ಹೇಳಬೇಕಾದವರು ಅವರು.